ಕಲ್ಲಿನಾಥ ಹೇಳಿದ ಹಂಚು

ಅಫಜಲಪುರದಲ್ಲಿ ಯಾರ ಮನೆಗೆ ಹೊಸ ಫ್ಯಾನು ಬಂದರೂ ಅದರ ಹಿಂದೆ ಕಲ್ಲಿನಾಥ ಇರುತ್ತಿದ್ದ. ಮಾರಿದವನು ಅವನಲ್ಲ, ಕೊಂಡವನೂ ಅವನಲ್ಲ. ಕೊಳ್ಳುವವರ ಜತೆ ಅಂಗಡಿಗೆ ಹೋಗಿ, ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ, ಕಿವಿಗೊಟ್ಟು ಕೇಳಿ, "ಇದು ಬ್ಯಾಡ್ರಿ, ಆ ಮೂಲ್ಯಾಗಿಂದು ತಗೋರಿ" ಎಂದು ಹೇಳಿ ಬರುವವನು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ ಇತ್ತು. ಆದರೆ ಅಲ್ಲಿ ಝೆರಾಕ್ಸ್ ಮಾಡಿಸಿಕೊಂಡವರಿಗಿಂತ "ಯಾವುದು ತಗೋಬೇಕು ಹೇಳ್ರಿ" ಎಂದು ಕೇಳಿಕೊಂಡು ಹೋದವರೇ ಹೆಚ್ಚು. ಮಿಕ್ಸರ್, ಪಂಪ್‌ಸೆಟ್ಟು, ಹೊಲಿಗೆ ಯಂತ್ರ, ಕೊನೆಗೆ ಮಗಳಿಗೆ ವರ. ಎಲ್ಲದಕ್ಕೂ ಅವನ ಒಂದು ಮಾತು ಬೇಕಾಗುತ್ತಿತ್ತು.

ಹೋದ ಶ್ರಾವಣದಲ್ಲಿ ಅವನು ಎದೆನೋವಿನಿಂದ ತೀರಿಕೊಂಡ. ಮಣ್ಣಿಗೆ ಬಂದವರು ಅವನ ಮನೆಯ ಕಟ್ಟೆಯ ಮೇಲೆ ಕೂತು ತಮ್ಮ ತಮ್ಮ ಮನೆಯ ಸಾಮಾನುಗಳ ಬಗ್ಗೆಯೇ ಮಾತಾಡಿದರು. ಆ ಮೋಟರು ಇನ್ನೂ ಓಡುತ್ತಿದೆ, ಆ ಕುಕ್ಕರಿನ ಸೀಟಿ ಇನ್ನೂ ಹೋಗಿಲ್ಲ ಎಂದರು. ಸಾವಿನ ಮನೆಯಲ್ಲಿ ಇದೆಂಥ ಮಾತು ಎಂದು ಹೊರಗಿನವರಿಗೆ ಅನ್ನಿಸಿರಬೇಕು. ಅವನ ಹೆಂಡತಿ ವಿದ್ಯಾವತಿಗೆ ಅನ್ನಿಸಲಿಲ್ಲ. ಅವಳು ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅವನನ್ನು ನೆನೆದರೆ ಊರಿಗೆ ಇವತ್ತಿಗೂ ಮೊದಲು ನೆನಪಾಗುವುದು ಹಂಚಿನ ಪ್ರಸಂಗ. ಅದು ಶುರುವಾದದ್ದು ವಿದ್ಯಾವತಿಯ ಮಾತಿನಿಂದಲೇ.

"ಊರಿಗೆಲ್ಲ ಪುಕ್ಕಟೆ ಹೇಳಿಕೋತ ಅಡ್ಡಾಡ್ತೀರಿ," ಎಂದಿದ್ದಳು ಒಂದು ಸಂಜೆ. "ಆ ಅಂಗಡಿಯವ್ರು ನಿಮಗೇನರ ಕೊಡ್ತಾರೇನು?"

"ಚಹಾ ಕುಡಿಸ್ತಾರಲ್ಲ."

"ಚಹಾದಾಗ ಮಗಳ ಫೀಸ್ ಕಟ್ಟಿ ಬರ್ರಿ ಹಂಗಾದ್ರ."

ಈ ಮಾತು ಅವನ ತಲೆಯಲ್ಲಿ ಕೂತಿತು. ಮೊಬೈಲಿನಲ್ಲಿ ಹುಡುಕುತ್ತ ಹೋದವನಿಗೆ ತಾನು ಇಷ್ಟು ವರ್ಷ ಪುಕ್ಕಟೆ ಮಾಡಿದ ಕೆಲಸವನ್ನು ಜಗತ್ತಿನಲ್ಲಿ ಸಾವಿರಾರು ಜನ ದುಡಿಮೆ ಮಾಡಿಕೊಂಡಿದ್ದಾರೆಂದು ತಿಳಿಯಿತು. ಒಂದು ಸಣ್ಣ ವಿಷಯ ಆರಿಸಿಕೊಂಡು ಅದರ ಮೇಲೆ ಬ್ಲಾಗು ಮಾಡಬೇಕು. ಯಾವ ಸಾಮಾನು ಒಳ್ಳೆಯದೆಂದು ಬರೆದು, ಕೆಳಗೆ ಮಾರುವ ಕಂಪನಿಯ ಲಿಂಕ್ ಹಾಕಬೇಕು. ಓದಿದವರು ಆ ಲಿಂಕ್ ಒತ್ತಿ ಕೊಂಡರೆ ಕಂಪನಿ ಬರೆದವನಿಗೆ ಕಮಿಷನ್ ಕೊಡುತ್ತದೆ. ಬರೆಯುವ ತೊಂದರೆಯೂ ಇಲ್ಲ. ವಿಷಯವೊಂದನ್ನು ಕೊಟ್ಟುಬಿಟ್ಟರೆ ತಾನೇ ಬರೆದು, ತಾನೇ ಚಿತ್ರ ಹಾಕಿ, ತಾನೇ ಲಿಂಕ್ ಅಂಟಿಸಿ, ದಿನಾ ಬೆಳಿಗ್ಗೆ ತಾನೇ ಪ್ರಕಟಿಸುವ ಪ್ರೋಗ್ರಾಮುಗಳಿವೆ.

ಕಲ್ಲಿನಾಥ ಫ್ಯಾನಿಗೊಂದು, ಹೊಲದ ಪೈಪಿಗೊಂದು, ಅಡುಗೆಮನೆಗೊಂದು ಬ್ಲಾಗು ಮಾಡಿದ. ಮೂರಕ್ಕೂ 'ಕಲ್ಲಿನಾಥ ಹೇಳ್ತಾರ' ಎಂದೇ ಹೆಸರು. ಮೇಲೆ ಅವನದೇ ಫೋಟೊ, ಯಾರದೋ ಮದುವೆಯಲ್ಲಿ ಕೇಸರಿ ರುಮಾಲು ಸುತ್ತಿಕೊಂಡು ನಿಂತದ್ದು. ದಾವಣಗೆರೆ ಕಡೆಯ ಯಾರೋ ಪುಣ್ಯಾತ್ಮರು ಅವನ ಲಿಂಕ್ ಒತ್ತಿ ಸೊಳ್ಳೆ ಬ್ಯಾಟ್ ಕೊಂಡ ದಿನ ಇಡೀ ಗಲ್ಲಿಗೆ ಪೇಢೆ ಕೊಟ್ಟ. ಬಂದ ಕಮಿಷನ್ನಿಗಿಂತ ಪೇಢೆಯ ಖರ್ಚೇ ಜಾಸ್ತಿಯಾಯಿತು.

"ನಾ ಇಲ್ಲಿ ಚಹಾ ಕುಡಿಯಾಕತ್ತೇನಿ," ಎಂದು ಕೂತವರಿಗೆ ಹೇಳುತ್ತಿದ್ದ, "ಅದೇ ಹೊತ್ತಿನಾಗ ಅಲ್ಲಿ ಲೇಖನ ಬರಿಯಾಕತ್ತೇನಿ. ಒಬ್ಬನೇ ಮನುಷ್ಯಾ, ಎರಡು ಕಡೆ."

ಮೊದಮೊದಲು ಪ್ರತಿ ಲೇಖನವನ್ನೂ ಓದುತ್ತಿದ್ದ. ಆಮೇಲೆ ತಲೆಬರಹ ಮಾತ್ರ ನೋಡಿದ. ಆಮೇಲೆ ಅದನ್ನೂ ಬಿಟ್ಟ.

ಅವನ ಮನೆಯ ಎದುರು ಸಾಲಿನಲ್ಲಿ ನಿಂಬೆವ್ವನ ಮನೆ. ವಯಸ್ಸಿನಲ್ಲಿ ದೊಡ್ಡವಳು, ಅವನು ಅಕ್ಕಾ ಎನ್ನುತ್ತಿದ್ದ, ಅವಳು ತಮ್ಮಾ ಎನ್ನುತ್ತಿದ್ದಳು. ಅವಳ ಮಗಳು ಶಿವಕಾಂತಾಳಿಗೆ ಆಳಂದದ ವರನನ್ನು ತೋರಿಸಿದವನು ಕಲ್ಲಿನಾಥನೇ. ಹುಡುಗನ ಹೆಸರು ಗುರುಲಿಂಗ, ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ, ಫೋನಿನಲ್ಲಿ ಮಾತಾಡಿ ಒಪ್ಪಿದ್ದರು. ಇನ್ನು ಹುಡುಗನ ಕಡೆಯವರು ಬಂದು ಊಟ ಮಾಡಿ, ಹಿರಿಯರು ಹೂಂ ಎಂದು ಸಕ್ಕರೆ ಹಂಚಿದರೆ ಮದುವೆ ಗೊತ್ತಾದಂತೆ. ಹುಡುಗನ ಕಡೆ ಹಿರಿಯನೆಂದರೆ ದೊಡ್ಡಪ್ಪ ಚಂದ್ರಾಮಪ್ಪ. ಬೇರೆ ಎರಡು ಸಂಬಂಧ ಕೈಬಿಟ್ಟು, ಕಲ್ಲಿನಾಥ ಹೇಳಿದ್ದಾನೆಂಬ ಒಂದೇ ಮಾತಿಗೆ ಅವರು ಈ ಊರಿಗೆ ಹೊರಟಿದ್ದರು.

ಆ ಊಟಕ್ಕೆಂದೇ ನಿಂಬೆವ್ವ ಹೊಸ ಹಂಚು ತರಿಸಬೇಕೆಂದಳು. ಅವಳ ಹಳೆಯ ಕಬ್ಬಿಣದ ಹಂಚು ಸವೆದು ನಡುವೆ ತಗ್ಗು ಬಿದ್ದು, ಅದರ ಮೇಲೆ ರೊಟ್ಟಿ ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತಿತ್ತು. ಕಲ್ಲಿನಾಥನನ್ನು ಕೇಳಬೇಕೆಂದುಕೊಂಡವಳಿಗೆ ಶಿವಕಾಂತಾ ಮೊಬೈಲು ತೋರಿಸಿದಳು. "ಯವ್ವಾ, ಕಾಕಾ ಹಂಚಿನ ಮ್ಯಾಲೇ ಬರದಾರ ನೋಡು." ಮೇಲೆ ರುಮಾಲಿನ ಫೋಟೊ, ಕೆಳಗೆ 'ರುಚಿಯಾದ ಜೋಳದ ರೊಟ್ಟಿಗೆ ಉತ್ತಮ ಹಂಚು' ಎಂಬ ತಲೆಬರಹ. ನಿಂಬೆವ್ವ ಮುಂದಿನದನ್ನು ಓದಿಸಲಿಲ್ಲ. ಒತ್ತು ಎಂದಳು. ಮಗಳು ಒತ್ತಿದಳು.

ಊಟದ ದಿನ ಬೆಳಿಗ್ಗೆ ಕಲ್ಲಿನಾಥ ಜೇವರ್ಗಿಯಲ್ಲಿದ್ದ. ಅಲ್ಲಿ ಅವನ ಗೆಳೆಯ ಜುಬೇರನ ಭಾಂಡೆ ಅಂಗಡಿ. ಸ್ಟೀಲು, ತಾಮ್ರ, ಕಬ್ಬಿಣದ ಪಾತ್ರೆಗಳೆಲ್ಲ ಸೂರಿನವರೆಗೆ ತೂಗುಬಿದ್ದಿರುತ್ತಿದ್ದವು. ಜುಬೇರನಿಗೆ ಬಿಲ್ ಮಾಡಲು ಪ್ರಿಂಟರು ಬೇಕಾಗಿತ್ತು. ಕಲ್ಲಿನಾಥ ಬಂದು ನೋಡದೆ ಕೊಳ್ಳುವುದಿಲ್ಲವೆಂದು ಹಟ ಹಿಡಿದಿದ್ದ. ಪ್ರಿಂಟರ್ ಆರಿಸಿ, ಚಹಾ ಕುಡಿದು, ಮಧ್ಯಾಹ್ನದೊಳಗೆ ಊರು ಸೇರಿದರಾಯಿತು ಎಂದುಕೊಂಡು ಕೂತಾಗ ನಿಂಬೆವ್ವನ ಫೋನು ಬಂತು.

"ತಮ್ಮಾ, ನಿನ್ನ ಹಂಚು ಬಂತಪ. ನಿನ್ನೆ ಸಂಜಿಗಿ."

"ಛಲೋ ಆತಲ್ಲಕ್ಕ."

"ಚೌಕ ಅದಲ್ಲೋ. ಹಂಚಂದ್ರ ದುಂಡಗ ಇರ್ತದ, ಇದು ಹಲಗಿ ಇದ್ದಂಗ ಅದ. ಮಣ್ಣಿಂದು. ಕೆಂಪಗ ಮಿಂಚತದ."

"ಹೊಸ ಮಾಡೆಲ್ ಇರ್ಬೇಕು ಬಿಡಕ್ಕ."

"ನೀ ಅಂದ್ರ ಮುಗೀತು. ಹಳೇದು ಗುಜರಿಯವಗ ಕೊಟ್ಟುಬಿಟ್ಟೇನಿ. ಬೀಗರು ಬರೂದ್ರಾಗ ಇದರ ಮ್ಯಾಲೇ ರೊಟ್ಟಿ ಮಾಡ್ತೇನಿ, ಲಗೂನ ಬಾ."

ಫೋನಿಟ್ಟ ಮೇಲೆ ಜುಬೇರ ಕೇಳಿದ, "ಯಾವ ಹಂಚೋ ಅದು ಚೌಕಂದು? ನನ್ನ ಅಂಗಡ್ಯಾಗ ಇಲ್ಲದ ಹಂಚು ಯಾವುದಪಾ, ತೋರ್ಸು."

ಕಲ್ಲಿನಾಥ ಹೆಮ್ಮೆಯಿಂದಲೇ ಬ್ಲಾಗು ತೆರೆದುಕೊಟ್ಟ. ಜುಬೇರ ಕನ್ನಡಕ ಏರಿಸಿ ಜೋರಾಗಿ ಓದತೊಡಗಿದ.

"'ರುಚಿಯಾದ ಜೋಳದ ರೊಟ್ಟಿಗೆ ಉತ್ತಮ ಹಂಚು ಅತ್ಯಗತ್ಯ. ಮಣ್ಣಿನ ಹಂಚು ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುತ್ತದೆ.' ಏನಂದಿ? 'ಹಂಚು ಹೊದಿಸುವ ಮೊದಲು ತೊಲೆಗಳು ಗಟ್ಟಿಯಾಗಿವೆಯೇ ನೋಡಿಕೊಳ್ಳಿ. ಒಡೆದ ಹಂಚಿನಿಂದ ಮಳೆನೀರು ಸೋರಿ ರೊಟ್ಟಿ ಹಾಳಾಗಬಹುದು.'" ಜುಬೇರ ಕನ್ನಡಕ ತೆಗೆದು ಗೆಳೆಯನನ್ನು ನೋಡಿ ಮತ್ತೆ ಹಾಕಿಕೊಂಡ. "'ನಮ್ಮ ಮನೆಯಲ್ಲಿ ಅನೇಕ ವರ್ಷಗಳಿಂದ ಇದೇ ಹಂಚನ್ನು ಬಳಸುತ್ತಿದ್ದೇವೆ. ಮಂಗಗಳು ಓಡಾಡಿದರೂ ಒಡೆದಿಲ್ಲ. ಈ ಹಂಚನ್ನು ನಿಮ್ಮ ಗೆಳೆಯರೊಂದಿಗೂ ಹಂಚಿಕೊಳ್ಳಿ.' ಯಾರ್ ಕಲ್ಲೂ, ವೈನಿ ರೊಟ್ಟಿ ಬಡಿಯೋವಾಗ ಒಲಿ ಮ್ಯಾಲೆ ಮಂಗ್ಯಾ ಕುಣೀತಾವೇನೋ?"

ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ಕಲ್ಲಿನಾಥನೂ ಮೊದಲು ನಕ್ಕ.

ಈ ಸೀಮೆಯಲ್ಲಿ ಮನೆಯ ಮೇಲೆ ಹಂಚು ಹೊದಿಸುವುದಿಲ್ಲ. ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ, ಇಲ್ಲವೆ ಶಹಾಬಾದ ಕಲ್ಲು, ಹೊಸದಕ್ಕೆ ಸಿಮೆಂಟು. ಹಂಚು ಎಂದರೆ ರೊಟ್ಟಿ ಬೇಯಿಸುವುದು, ಅಷ್ಟೆ. ಮಲೆನಾಡು, ಕರಾವಳಿಗಳ ಹಂಚು ಬೇರೆ, ಇದು ಬೇರೆ ಎಂದು ಪ್ರೋಗ್ರಾಮಿಗೆ ಯಾರು ಹೇಳಬೇಕು? ಅದು ಎರಡನ್ನೂ ಕಲಸಿ ಬರೆದಿತ್ತು. ಊರಲ್ಲಿ ಯಾರೂ ಛಾವಣಿಯ ಹಂಚನ್ನು ಕಂಡಿರದ ಕಾರಣ, ಬಂದದ್ದನ್ನು ನೋಡಿ ಇದು ಹಂಚಲ್ಲ ಎನ್ನುವವರೂ ಇರಲಿಲ್ಲ.

ಜುಬೇರ ಲಿಂಕ್ ಒತ್ತಿ ಕಂಪನಿಯ ಪುಟಕ್ಕೆ ಹೋದ. ಅಲ್ಲಿಗೆ ಅವನ ನಗು ನಿಂತಿತು. "ಇಲ್ಲಿ ನೋಡು. 'ಛಾವಣಿ ಹಂಚಿನ ಮಾದರಿ, ಗೋಡೆಯ ಅಲಂಕಾರಕ್ಕೆ ಮಾತ್ರ. ಬಣ್ಣ ಮತ್ತು ಪಾಲಿಶ್ ಬಳಿಯಲಾಗಿದೆ.'"

ಆ ಬಣ್ಣ ಕಾದರೆ ಏನಾಗುತ್ತದೆಂದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದರ ಮೇಲೆ ಬೆಂದ ರೊಟ್ಟಿಯನ್ನು ಬೀಗರಿಗೆ ಉಣಿಸಬಾರದೆಂಬುದು ಮಾತ್ರ ಗೊತ್ತಿತ್ತು. ಕಲ್ಲಿನಾಥ ಫೋನು ಮಾಡಿದ. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಅಡುಗೆಯ ಗಡಿಬಿಡಿಯಲ್ಲಿ ನಿಂಬೆವ್ವನ ಫೋನು ಎಲ್ಲೋ ಬಟ್ಟೆಗಳ ಕೆಳಗೆ ಕೂಗುತ್ತಿರಬೇಕು. ವಿದ್ಯಾವತಿ ಅದೇ ಮನೆಯಲ್ಲಿ ಪಲ್ಯ ಹೆಚ್ಚಲು ಹೋಗಿದ್ದಳು, ಅವಳೂ ಎತ್ತಲಿಲ್ಲ.

ಜುಬೇರ ಗೋಡೆಯ ಮೇಲಿನ ಕಬ್ಬಿಣದ ಹಂಚೊಂದನ್ನು ಇಳಿಸಿ ಅವನ ಕೈಗೆ ಕೊಟ್ಟ. "ಇದನ್ನ ಒಯ್ಯಿ. ಮತ್ತ ಕೇಳು, ಕಂಪನಿಯವ್ರು ತಪ್ಪು ಸಾಮಾನು ಕಳಿಸ್ಯಾರ ಅಂತ ಹೇಳಿಬಿಡು. ಯಾರೂ ಕೇಳೂದಿಲ್ಲ. ದಿನಾ ಆಗೋ ಮಾತು ಅದು."

"ಖರೇ ಹೇಳಿದ್ರ?"

"ಖರೇ ಹೇಳಿದ್ರ ನಾಳಿಂದ ನಿನ್ನ ಯಾರು ಕೇಳ್ತಾರ? ಪೋರಗ ಹೆಣ್ಣು ಯಾರ ಮಾತಿನ ಮ್ಯಾಲೆ ನೋಡಾಕ ಬಂದಾರ, ಅದನ್ನರ ವಿಚಾರ ಮಾಡು."

ಕಲ್ಲಿನಾಥ ಹಂಚನ್ನು ಎದೆಗವಚಿಕೊಂಡು ಬಸ್ಸು ಹತ್ತಿದ. ಅದಕ್ಕೂ ಟಿಕೆಟ್ ತೆಗೆಸ್ರಿ ಎಂದು ಕಂಡಕ್ಟರು ತಮಾಷೆ ಮಾಡಿದ. ಪಕ್ಕದಲ್ಲಿ ಕೂತ ಅಜ್ಜಿ ಬೆರಳ ಗೆಣ್ಣಿನಿಂದ ಹಂಚನ್ನು ಬಡಿದು ನೋಡಿ, "ಛಲೋ ಅದ ಮಗಾ. ಯಾರು ಹೇಳಿದ್ರು ಇದನ್ನ ತಗೋ ಅಂತ?" ಎಂದಳು. ಅವನು ಹಂಚನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡ. ದಾರಿಯುದ್ದಕ್ಕೂ ಜುಬೇರನ ಮಾತನ್ನೇ ಬಾಯಲ್ಲಿ ಹೊರಳಿಸಿದ. ತಪ್ಪು ಸಾಮಾನು ಕಳಿಸ್ಯಾರಕ್ಕ. ಹೇಳಲು ಎಷ್ಟು ಸಲೀಸು. ಬಸ್ಸು ಭೀಮಾ ನದಿಯ ಸೇತುವೆ ದಾಟುವಾಗ ಅದು ಅವನಿಗೆ ಅರ್ಧ ನಿಜವೆಂದೇ ಅನ್ನಿಸತೊಡಗಿತ್ತು.

ಗಲ್ಲಿಗೆ ಬರುತ್ತಿದ್ದಂತೆ ಮೂಗಿಗೆ ಬಣ್ಣ ಸುಟ್ಟ ವಾಸನೆ ಬಡಿಯಿತು. ಬೀಗರು ಆಗಲೇ ಬಂದು ಪಡಸಾಲೆಯ ಜಮಖಾನೆಯ ಮೇಲೆ ಕೂತಿದ್ದರು. ಅವರಿಗೆ ನಮಸ್ಕಾರವನ್ನೂ ಹೇಳದೆ ಕಲ್ಲಿನಾಥ ಹಿತ್ತಲಿಗೆ ನುಗ್ಗಿದ. ನಿಂಬೆವ್ವ ಒಲೆಯ ಮುಂದೆ ಕೂತಿದ್ದಳು. ಚೌಕದ ಹಂಚು ಒಲೆಯ ಮೇಲೆ ಹೊಗೆಯಾಡುತ್ತಿತ್ತು. ಬಡಿದ ರೊಟ್ಟಿಯೊಂದು ಅವಳ ಅಂಗೈ ಮೇಲಿತ್ತು.

"ಬಂದೇನು? ಹೊಗಿ ನೋಡಪ ಎಷ್ಟು. ಹೊಸ ಹಂಚಿಗಿ ಬರ್ತದ ಅಂತ ಎಲ್ಲಾರಿಗೂ ಹೇಳಾಕತ್ತೇನಿ."

"ಅಕ್ಕಾ, ಹಾಕಬ್ಯಾಡ. ಎಷ್ಟು ಬೇಯಿಸೀದಿ ಇದರ ಮ್ಯಾಲೆ?"

"ಇನ್ನ ಇದೇ ಮೊದಲಿಂದು."

ಅವನು ಎರಡು ಹಸಿ ಗೋಣಿಚೀಲ ಸುತ್ತಿ ಆ ಹಂಚನ್ನು ಎತ್ತಿ ಹಿತ್ತಲ ಮೂಲೆಗೆ ಹಾಕಿದ. ನೆಲಕ್ಕೆ ಬಿದ್ದದ್ದೇ ಅದು ಟಪ್ಪೆಂದು ಎರಡು ಹೋಳಾಯಿತು. ಸದ್ದಿಗೆ ವಿದ್ಯಾವತಿ ಹೊರಗೆ ಬಂದಳು. ಪಡಸಾಲೆಯಿಂದ ಚಂದ್ರಾಮಪ್ಪನೂ ಎದ್ದು ಬಾಗಿಲಿಗೆ ಬಂದು ನಿಂತ. ಅವನ ಹಿಂದೆ ಗುರುಲಿಂಗ, ಅವನ ಹಿಂದೆ ಉಳಿದವರು.

"ಏನಾತ್ರಿ ಕಲ್ಲಿನಾಥ್ರ?" ಎಂದ ಚಂದ್ರಾಮಪ್ಪ.

"ಕಂಪನಿಯವ್ರು..." ಎಂದು ಕಲ್ಲಿನಾಥ ಶುರು ಮಾಡಿದ. ನಿಂಬೆವ್ವ ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು. ಅಂಗೈ ಮೇಲಿನ ರೊಟ್ಟಿ ಹಾಗೇ ಇತ್ತು.

"ಕಂಪನೀದೇನೂ ತಪ್ಪಿಲ್ರಿ," ಎಂದ ಕೊನೆಗೆ. "ಅದು ಮನಿ ಮ್ಯಾಲೆ ಹೊದಿಸೋ ಹಂಚಿನ ನಮೂನಿದು, ಗ್ವಾಡಿಗಿ ಹಚ್ಚೂದು. ಮ್ಯಾಲೆ ಬಣ್ಣ ಬಳದಾರ. ನನ್ನ ಬ್ಲಾಗಿನಾಗ ಅದನ್ನೇ ರೊಟ್ಟಿ ಹಂಚಂತ ಬರದದ."

"ನೀ ಯಾಕ ಹಂಗ ಬರದಿ?" ಎಂದಳು ನಿಂಬೆವ್ವ.

"ನಾ ಬರದಿಲ್ಲಕ್ಕ. ಮಷಿನ್ ಬರೀತದ. ನಾ ಓದೂ ಇಲ್ಲ."

"ನಿನ್ನ ಫೋಟೊ ಅದಲ್ಲೋ ಅದರ ಮ್ಯಾಲೆ."

"ಅದ."

"ನಮ್ಮ ಮನ್ಯಾಗ ಇದನ್ನೇ ವಾಪರಸ್ತೀವಿ ಅಂತ ಬರದದಂತ. ಶಿವಕಾಂತಾ ಓದಿದ್ಲು ಈಗ."

"ಅದೂ ಸುಳ್ಳಕ್ಕ."

ವಿದ್ಯಾವತಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ನಗುವೋ ದುಃಖವೋ ಹೇಳಲಾಗದು. ಚಂದ್ರಾಮಪ್ಪ ಹೆಗಲ ಮೇಲಿನ ಟವೆಲನ್ನು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡ.

ನಿಂಬೆವ್ವ ರೊಟ್ಟಿಯನ್ನು ಹಿಟ್ಟು ನಾದುವ ಪರಾತದಲ್ಲಿಟ್ಟು, ಕೈಯ ಹಿಟ್ಟು ಒರೆಸಿಕೊಂಡು ಎದ್ದಳು. "ಹಂಚು ಹೋಗ್ಲಿ ತಮ್ಮಾ. ಇಷ್ಟು ಹೇಳು. ನನ್ನ ಮಗಳಿಗಿ ಈ ಹುಡುಗನ್ನ ತೋರಿಸೀದಿ. ಇವನ್ನರ ನೀ ನೋಡಿ ಹೇಳೀದೋ, ಇವನ್ನೂ ಮಷಿನ್ ಹೇಳ್ತೋ?"

ಗುರುಲಿಂಗ ತನ್ನ ಕಾಲಬೆರಳು ನೋಡಿಕೊಂಡ. ಒಳಗಿನ ಕೋಣೆಯಲ್ಲಿ ಬಳೆಗಳ ಸದ್ದು ನಿಂತಿತು. ಇನ್ನೊಂದು ಮಾತು ಅಡ್ಡಾದಿಡ್ಡಿಯಾದರೆ ಜಮಖಾನೆ ಮಡಚಬೇಕಾಗುತ್ತದೆಂದು ಕಲ್ಲಿನಾಥನಿಗೆ ಕಾಣುತ್ತಿತ್ತು. ಇಷ್ಟು ವರ್ಷ ಯಾವ ಅಂಗಡಿಯಲ್ಲೂ ಅವನು ಇಷ್ಟು ನಿಧಾನವಾಗಿ ಮಾತಾಡಿರಲಿಲ್ಲ.

"ನೋಡೇನಕ್ಕ. ಕಾಳಪ್ಪಗೌಡ್ರ ಮೋಟರ್ ಒಯ್ದಾಗ ಇವನ ಅಂಗಡ್ಯಾಗ ದಿನಾಪೂರ್ತಿ ಕೂತಿದ್ನಿ. ಗೌಡ್ರು ಕಾಯಿಲ್ ಸುಟ್ಟದ, ಪೂರಾ ಕಟ್ಟಿಕೊಡು ಅಂತಿದ್ರು. ಇವ ಬಿಚ್ಚಿ ನೋಡಿ, ಕಾಯಿಲ್ ಛಲೋ ಅದ್ರಿ, ಕಂಡೆನ್ಸರ್ ಒಂದೇ ಹೋಗ್ಯದ ಅಂದ. ದೊಡ್ಡ ಕೆಲಸ ಕೈಯಾಗ ಬಂದಿದ್ದು ಬಿಟ್ಟ. ಅದನ್ನ ನಾ ಕಣ್ಣಾರೆ ನೋಡೇನಿ. ಅವರವ್ವ ಬುತ್ತಿ ತಂದಾಗ ಮೊದಲು ಆಕಿಗೆ ನೆರಳಿನಾಗ ಕುಂಡ್ರಸಿದ, ಆಮ್ಯಾಲೆ ಡಬ್ಬಿ ತೆಗೆದ. ಅದನ್ನೂ ನೋಡೇನಿ." ಒಂದು ಉಸಿರು ತೆಗೆದುಕೊಂಡು ಮುಂದುವರಿಸಿದ. "ಸಿಟ್ಟು ಹೆಂಗದ ಅಂತ ನಾ ನೋಡಿಲ್ಲ. ಅದು ಗೊತ್ತಿಲ್ಲ ನನಗ. ಛಲೋ ಅಂತ ಹೇಳೀದಾಗ ಅದನ್ನೂ ಸೇರಿಸೇ ಹೇಳಿದ್ನಿ. ಅಷ್ಟು ತಪ್ಪದ."

ಒಳಗಿನಿಂದ ಶಿವಕಾಂತಾಳ ದನಿ ಬಂತು. "ಹಂಗಾದ್ರ ಅದನ್ನ ಈಗೇ ಕೇಳ್ರಿ ಕಾಕಾ. ಇಲ್ಲೇ ಅದಾರಲ್ಲ."

ಚಂದ್ರಾಮಪ್ಪನ ಮೀಸೆಯ ಕೆಳಗೆ ನಗು ತಡೆಯಲಿಲ್ಲ. "ಹೇಳಲೇ ಗುರ್ಯಾ. ಕೇಳಾಕತ್ತಾರ."

ಗುರುಲಿಂಗ ಕತ್ತು ಕೆರೆದುಕೊಂಡ. "ಬರ್ತದ್ರಿ. ನಾ ಕಟ್ಟಿಕೊಟ್ಟ ಮೋಟರ್ ಸುಟ್ಟುಕೊಂಡು ತಿರುಗಿ ತಂದಾಗ. ಬಯ್ಯಂಗಿಲ್ರಿ ಖರೇ. ಊಟಾ ಬಿಡ್ತೇನಿ."

"ಊಟಾ ಬಿಟ್ರ ನಮಗ ರೊಟ್ಟಿ ಉಳೀತಾವ," ಎಂದಳು ಒಳಗಿನವಳು.

ಅಲ್ಲಿಗೆ ಹಿತ್ತಲು, ಪಡಸಾಲೆ ಎರಡೂ ಒಟ್ಟಿಗೆ ನಕ್ಕವು. ಚಂದ್ರಾಮಪ್ಪ ಕಲ್ಲಿನಾಥನ ಹೆಗಲ ಮೇಲೆ ಕೈ ಹಾಕಿದ. "ಗೊತ್ತಿಲ್ಲಂತ ಹೇಳಿದ್ರಲ್ಲ, ಈಗ ನಿಮ್ಮ ಉಳಿದ ಮಾತು ನಂಬಾಕ ಬರ್ತದ. ಆದ್ರ ಹೊಟ್ಟಿ ಹಸದದ್ರಿ."

ಹಸಿವೆಗೆ ಉತ್ತರ ಅಷ್ಟು ಬೇಗ ಸಿಗಲಿಲ್ಲ. ಜುಬೇರನ ಹಂಚು ಹೊಸ ಕಬ್ಬಿಣದ್ದು. ವಿದ್ಯಾವತಿ ಅದನ್ನು ಬೂದಿಯಲ್ಲಿ ತಿಕ್ಕಿ ತೊಳೆದಳು. ಒಲೆಯ ಮೇಲಿಟ್ಟು ಎಣ್ಣೆ ಸವರಿ ಅರ್ಧ ಉಳ್ಳಾಗಡ್ಡಿಯಿಂದ ಉಜ್ಜಿದಳು. ಆದರೂ ಮೊದಲ ರೊಟ್ಟಿಗಳೆಲ್ಲ ಅಂಟಿಕೊಂಡು ಹರಿದವು. ನಿಂಬೆವ್ವ ಹಂಚನ್ನು ಬಯ್ದಳು, ಜುಬೇರನನ್ನು ಬಯ್ದಳು, ನಡುನಡುವೆ ಕಲ್ಲಿನಾಥನ ರುಮಾಲಿನ ಫೋಟೊವನ್ನೂ ಬಯ್ದಳು. ಬೀಗರು ಹರಿದ ರೊಟ್ಟಿಗಳನ್ನೇ ಎಣ್ಣೆಗಾಯಿಯ ಜತೆ, ಶೇಂಗಾ ಹಿಂಡಿಯ ಜತೆ ತಿಂದರು. ಊಟ ಮುಗಿಯುವ ಹೊತ್ತಿಗೆ ಹಂಚು ಹದಕ್ಕೆ ಬಂದು ರೊಟ್ಟಿ ಉಬ್ಬತೊಡಗಿತು. ಆಗ ಯಾರ ಹೊಟ್ಟೆಯಲ್ಲೂ ಜಾಗವಿರಲಿಲ್ಲ. ಸಕ್ಕರೆ ಮಾತ್ರ ಎಲ್ಲರೂ ತಿಂದರು.

ಕಲ್ಲಿನಾಥ ಪ್ರೋಗ್ರಾಮನ್ನು ನಿಲ್ಲಿಸಲಿಲ್ಲ. ಅದು ಬರೆಯುವುದನ್ನು ಬರೆಯುತ್ತಲೇ ಇತ್ತು, ಮಗಳ ಫೀಸಿಗೆ ಅಷ್ಟಿಷ್ಟು ಬರುತ್ತಲೂ ಇತ್ತು. ಆದರೆ ಇವನು ಓದದೆ ಈಗ ಯಾವುದೂ ಹೊರಗೆ ಹೋಗುತ್ತಿರಲಿಲ್ಲ. ಓದಿದ್ದರ ತುದಿಗೆ ಎರಡರಲ್ಲಿ ಒಂದು ಸಾಲನ್ನು ತಾನೇ ಸೇರಿಸುತ್ತಿದ್ದ: 'ಇದನ್ನು ಮುಟ್ಟಿ ನೋಡಿದ್ದೇನೆ', ಇಲ್ಲವೆ 'ಇದನ್ನು ನೋಡಿಲ್ಲ, ನೋಡಿದವರನ್ನು ಕೇಳಿ ಖರೀದಿಸಿರಿ'. ಎರಡನೆಯ ಸಾಲೇ ಹೆಚ್ಚಿತ್ತು. ಇದರಿಂದ ಗಳಿಕೆ ಇಳಿಯುತ್ತದೆಂದು ವಿದ್ಯಾವತಿ ಹೆದರಿದ್ದಳು. ಕೆಲವು ತಿಂಗಳು ಇಳಿಯಿತು, ಆಮೇಲೆ ಇಳಿಯಲಿಲ್ಲ. ಮಂಗಗಳ ಲೇಖನವನ್ನು ತೆಗೆದುಹಾಕು ಎಂದು ಜುಬೇರ ಎಷ್ಟು ಹೇಳಿದರೂ ಕೇಳಲಿಲ್ಲ. ಲಿಂಕ್ ಮಾತ್ರ ಕಿತ್ತುಹಾಕಿ, ಮೇಲೆ 'ಇದು ತಪ್ಪು, ನಗುವುದಕ್ಕಾಗಿ ಇಟ್ಟಿದ್ದೇನೆ' ಎಂದು ಬರೆದ. ಅವನ ಮೂರು ಬ್ಲಾಗುಗಳಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ.

ಅದರ ಪಕ್ಕದಲ್ಲಿ ಕಬ್ಬಿಣದ ಹಂಚಿನ ಬಗ್ಗೆ ಅವನು ತನ್ನ ಕೈಯಿಂದಲೇ ಬರೆದ ಪುಟ್ಟ ಲೇಖನವೊಂದಿದೆ. ಅದರಿಂದ ಒಂದು ಪೈಸೆ ಕಮಿಷನ್ನೂ ಹುಟ್ಟಲಿಲ್ಲ. ಓದಿದವರೆಲ್ಲ ಲಿಂಕ್ ಒತ್ತುವುದನ್ನು ಬಿಟ್ಟು ನೇರವಾಗಿ ಜೇವರ್ಗಿಗೆ, ಜುಬೇರನ ಅಂಗಡಿಗೆ ಹೋದರು. ಜುಬೇರ ಅವನಿಗೆ ಚಹಾ ಕುಡಿಸಿದ.

ಈಗ ವಿದ್ಯಾವತಿ ಪ್ರೋಗ್ರಾಮನ್ನು ನಿಲ್ಲಿಸಿದ್ದಾಳೆ. ಓದುವವನಿಲ್ಲದೆ ಅವನ ಫೋಟೊದ ಕೆಳಗೆ ಏನೂ ಪ್ರಕಟವಾಗುವುದು ಬೇಡ ಎಂದಳು. ಹಳೆಯ ಪುಟಗಳು ಇದ್ದಲ್ಲೇ ಇವೆ. ಆಳಂದದಲ್ಲಿ ಶಿವಕಾಂತಾ ಒಮ್ಮೊಮ್ಮೆ ಆ ಪುಟ್ಟ ಲೇಖನವನ್ನು ತೆರೆದು ಗುರುಲಿಂಗನಿಗೆ ಓದಿ ಹೇಳುತ್ತಾಳಂತೆ. ಅದರ ಕೊನೆಗೆ ಹೀಗಿದೆ: 'ಹೊಸ ಹಂಚಿನ ಮೇಲೆ ಮೊದಮೊದಲು ರೊಟ್ಟಿ ಅಂಟುತ್ತವೆ. ಬೀಗರು ಬರುವ ದಿನವೇ ಅದನ್ನು ಒಲೆಗೆ ಇಡಬೇಡಿರಿ. ಇಟ್ಟರೂ ಅಂಜಬೇಡಿರಿ, ಹಸಿದವರು ಹರಿದ ರೊಟ್ಟಿಯನ್ನೂ ತಿನ್ನುತ್ತಾರೆ. ಇದನ್ನು ನಾನು ನೋಡಿದ್ದೇನೆ.'